ಬಲಿತರೆ ಸಾಲದು, ಮಾಗಬೇಕು



ನಮ್ಮ ಆಡುಮಾತಿನಲ್ಲಿ ಕೆಲವು ಶಬ್ದಗಳಿವೆ. ಅವು ಬಾಯಿಗೆ ಬರುವಷ್ಟು ಸುಲಭವಾಗಿ ವಿಚಾರಕ್ಕೆ ಬರುವುದಿಲ್ಲ. ದಿನಕ್ಕೆ ಹತ್ತು ಸಲ ಆಡುತ್ತೇವೆ. ಆದರೆ ಅದರ ಒಡಲಲ್ಲಿ ಹಿರಿಯರು ಏನನ್ನು ಕೂಡಿಟ್ಟಿದ್ದಾರೆಂದು ನಿಂತು ನೋಡುವುದಿಲ್ಲ. ‘ಮಾಗು’ ಎಂಬುದು ಅಂಥದೊಂದು ಶಬ್ದ. ಹಣ್ಣು ಮಾಗಿತು ಎನ್ನುತ್ತೇವೆ, ಉಪ್ಪಿನಕಾಯಿ ಮಾಗಿದೆ ಎನ್ನುತ್ತೇವೆ, ಮಾಗಿದ ಜೀವ ಎನ್ನುತ್ತೇವೆ. ಈ ತಿಂಗಳು ಈ ಒಂದು ಶಬ್ದವನ್ನೂ ಅದರ ನೆಂಟರಿಷ್ಟರನ್ನೂ ಕೂಡಿಯೇ ವಿಚಾರಿಸೋಣ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳಿತು. ‘ಮಾಗಿಯ ಚಳಿ’ ಎಂಬಲ್ಲಿ ಬರುವ ಮಾಗಿಗೂ ‘ಹಣ್ಣು ಮಾಗಿತು’ ಎಂಬಲ್ಲಿಯ ಮಾಗುವಿಕೆಗೂ ಸಂಬಂಧವಿದೆಯೇ ಎಂದು ಕೇಳುವವರುಂಟು. ಇಲ್ಲ. ಮಾಗಿ ಎಂಬ ಋತುವಾಚಕವು ಸಂಸ್ಕೃತದ ‘ಮಾಘ’ ಮಾಸದ ತದ್ಭವ. ಮಾಗಿ ಉಳುಮೆ ಎಂಬ ರೈತರ ಮಾತೂ ಅಲ್ಲಿಂದಲೇ ಬಂದದ್ದು. ಮಾಗು ಎಂಬ ಕ್ರಿಯಾಪದವಾದರೋ ಅಚ್ಚಗನ್ನಡದ ಸೊತ್ತು. ಧ್ವನಿ ಒಂದಾದರೂ ಮೂಲ ಬೇರೆ.

ಇನ್ನು ಮಾಗುವಿಕೆಯ ಪರಿವಾರಕ್ಕೆ ಬರೋಣ. ಹೂವು ಉದುರಿದ ತೊಟ್ಟಿನಲ್ಲಿ ಮೊದಲು ಕಾಣಿಸುವುದು ಹೀಚು. ಅದು ತುಸು ಮೈತುಂಬಿದರೆ ಮಿಡಿ. ಮಿಡಿ ಬೆಳೆದರೆ ಕಾಯಿ. ಕಾಯಿಯೊಳಗೆ ಸತ್ವ ತುಂಬಿ ಗಡುಸಾದರೆ ಬಲಿತ ಕಾಯಿ. ಬಲಿತದ್ದು ಬಣ್ಣ ತಿರುಗಲು ತೊಡಗಿದರೆ ದೋರೆಗಾಯಿ. ಆಮೇಲೆ ಹಣ್ಣು. ಹಣ್ಣಿನ ಗಡಿ ದಾಟಿದರೆ ಕಳಿತದ್ದು. ಅದಕ್ಕೂ ಆಚೆಗೆ ಕೊಳೆತದ್ದು. ಒಂದು ಮಾವಿನ ಬಾಳಿಗೆ ಇಷ್ಟು ಮೆಟ್ಟಿಲುಗಳನ್ನು ಗುರುತಿಸಿ ಒಂದೊಂದಕ್ಕೂ ಒಂದೊಂದು ಹೆಸರಿಟ್ಟ ಜನ ನಮ್ಮವರು. ಹೆಸರಿಟ್ಟವರು ಪಂಡಿತರಲ್ಲ, ತೋಟದಲ್ಲಿ ದುಡಿದವರು, ಒಲೆಯ ಮುಂದೆ ಕುಳಿತವರು. ಮಿಡಿ ಉಪ್ಪಿನಕಾಯಿಗೆ, ಕಾಯಿ ಚಟ್ನಿಗೆ, ದೋರೆಗಾಯಿ ಗೊಜ್ಜಿಗೆ, ಹಣ್ಣು ಸೀಕರಣೆಗೆ ಎಂದು ಒಂದೊಂದು ಅವಸ್ಥೆಗೂ ಒಂದೊಂದು ಮರ್ಯಾದೆ. ಯಾವ ಅವಸ್ಥೆಯೂ ವ್ಯರ್ಥವಲ್ಲ. ಆದರೆ ಒಂದರ ಕೆಲಸ ಇನ್ನೊಂದರಿಂದ ಆಗದು.

ಇವುಗಳಲ್ಲಿ ಹಣ್ಣು ಎಂಬ ಮಾತು ಬಹು ಪ್ರಾಚೀನ. ನಮ್ಮ ಜಿಲ್ಲೆಯ ಮಳಖೇಡದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದ 9ನೆಯ ಶತಮಾನದಲ್ಲಿ, ‘ಕವಿರಾಜಮಾರ್ಗ’ ರೂಪುಗೊಂಡ ಕಾಲದಲ್ಲಿ, ಇದರ ರೂಪ ‘ಪಣ್’ ಎಂದಿತ್ತು. ಮುಂದೆ ಪಕಾರವು ಹಕಾರವಾಗುತ್ತ ಬಂದು ಪಾಲು ಹಾಲಾಯಿತು, ಪೂವು ಹೂವಾಯಿತು, ಪಣ್ಣು ಹಣ್ಣಾಯಿತು. ನಮ್ಮ ಪೂರ್ವದ ನೆರೆಯವರಾದ ತೆಲುಗರು ಇಂದಿಗೂ ‘ಪಂಡು’ ಎನ್ನುತ್ತಾರೆ. ತಮಿಳರ ‘ಪಳಂ’ ಕೂಡ ಇದೇ ಕುಲದ್ದು. ಕನ್ನಡದಲ್ಲಿ ಇದು ವಸ್ತುವಿನ ಹೆಸರಾಗಿ ನಿಲ್ಲದೆ ಅವಸ್ಥೆಯ ಹೆಸರೂ ಆಗಿದೆ. ಒಣಗಿ ಹಳದಿಯಾದ ಎಲೆ ಹಣ್ಣೆಲೆ. ಅತಿ ವೃದ್ಧನಾದವನು ಹಣ್ಣು ಹಣ್ಣು ಮುದುಕ. ಕೀವು ತುಂಬಿ ಒಡೆಯಲು ಸಿದ್ಧವಾದ ಕುರುವೂ ಹಣ್ಣಾಗುತ್ತದೆ. ದುಡಿದು ಸುಸ್ತಾದವನು ‘ದುಡಿದು ಹಣ್ಣಾದೆ’ ಎನ್ನುತ್ತಾನೆ. ಬಸ್ಸಿಗೆ ಕಾದವನು ‘ಕಾದು ಹಣ್ಣಾದೆ’ ಎನ್ನುತ್ತಾನೆ. ಗಡುಸುತನ ಕಳೆದು ಮೆತ್ತಗಾಗುವುದೇ ಈ ಎಲ್ಲ ಬಳಕೆಗಳಲ್ಲಿಯ ಸಮಾನ ಧರ್ಮ.

ಹಣ್ಣಿಗೆ ಎದುರಾಗಿ ನಿಲ್ಲುವ ಮಾತು ಕಾಯಿ, ಕೆಲವೊಮ್ಮೆ ಹಸಿ. ಹಸಿ ಎಂಬುದರಲ್ಲಿ ಹಸಿರೂ ಇದೆ, ನೀರಿನ ತೇವವೂ ಇದೆ, ಎಳೆತನವೂ ಇದೆ. ಹಸಿ ಗೋಡೆ, ಹಸಿ ಗಾಯ, ಹಸಿ ಬಾಣಂತಿ, ಹಸುಗೂಸು. ಇವೆಲ್ಲ ಒಂದೇ ಬಳ್ಳಿಯ ಕುಡಿಗಳು. ಹಸಿ ಎಂದರೆ ಕೆಟ್ಟದ್ದೆಂದಲ್ಲ. ಇನ್ನೂ ಕಾಪಾಡಬೇಕಾದದ್ದು, ಕೈ ಹಚ್ಚಿದರೆ ನೋಯುವಂಥದ್ದು ಎಂಬ ಎಚ್ಚರಿಕೆ ಅದರಲ್ಲಿದೆ. ಗಾಯದ ಹಸಿತನ ಹೋಗುವುದನ್ನು ‘ಮಾಯಿತು’ ಎಂದೂ ಹಲವೆಡೆ ‘ಮಾಗಿತು’ ಎಂದೂ ಹೇಳುವುದುಂಟು. ಹಣ್ಣಿಗೂ ಗಾಯಕ್ಕೂ ಒಂದೇ ಮಾತನ್ನು ಹಚ್ಚಿದ ಜನರ ತಿಳಿವಳಿಕೆ ಎಷ್ಟು ಸೂಕ್ಷ್ಮವಾದದ್ದು! ಎರಡೂ ಕಡೆಗೆ ಕೆಲಸ ನಡೆಯುವುದು ಒಳಗೆ; ಎರಡೂ ಕಡೆಗೆ ಹೊರಗಿನವರು ಮಾಡಬೇಕಾದದ್ದು ಕಾಯುವುದು.

ಸಂಸ್ಕೃತದಿಂದ ನಮಗೆ ಬಂದ ಶಬ್ದ ‘ಪಕ್ವ’. ಇದರ ಧಾತು ‘ಪಚ್’. ಬೇಯಿಸು ಎಂಬುದು ಅದರ ಮುಖ್ಯಾರ್ಥ. ಅಡುಗೆಮನೆಯ ಪಾಕ, ಹೊಟ್ಟೆಯೊಳಗಿನ ಪಚನ, ಹಬ್ಬದ ಪಕ್ವಾನ್ನ, ಕರ್ಮದ ವಿಪಾಕ, ಬುದ್ಧಿಯ ಪರಿಪಾಕ ಎಲ್ಲವೂ ಇದೇ ಮೂಲದವು. ಒಲೆಯ ಮೇಲೆ ಅನ್ನ ಬೇಯುವುದನ್ನೂ ಗಿಡದ ಮೇಲೆ ಹಣ್ಣು ಮಾಗುವುದನ್ನೂ ಆ ಭಾಷೆ ಒಂದೇ ಕಣ್ಣಿನಿಂದ ನೋಡಿತು. ಎರಡರಲ್ಲಿಯೂ ಉಷ್ಣತೆ ಬೇಕು, ಎರಡರಲ್ಲಿಯೂ ಸಮಯ ಬೇಕು.

ಈ ಪಕ್ವ ಶಬ್ದವು ನಮ್ಮ ಕಲಬುರಗಿಯಲ್ಲಿ ಇನ್ನೂ ಎರಡು ವೇಷದಲ್ಲಿ ತಿರುಗಾಡುತ್ತದೆಂಬುದನ್ನು ಹಲವರು ಗಮನಿಸಿರಲಿಕ್ಕಿಲ್ಲ. ಪಕ್ವವು ಪ್ರಾಕೃತದಲ್ಲಿ ‘ಪಕ್ಕ’ ಆಗಿ, ಹಿಂದಿ ಉರ್ದುಗಳಲ್ಲಿ ‘ಪಕ್ಕಾ’ ಆಯಿತು. 1347ರಲ್ಲಿ ಬಹಮನಿ ಅರಸರ ರಾಜಧಾನಿಯಾಗಿ, ಮುಂದೆ 1948ರವರೆಗೆ ಹೈದರಾಬಾದು ನಿಜಾಮರ ಆಳ್ವಿಕೆಯಲ್ಲಿದ್ದ ಈ ನಗರದ ಪೇಟೆಗೆ ದಖನಿ ಉರ್ದುವಿನ ಮೂಲಕ ಆ ಮಾತು ಬಂದಿತು. ಪಕ್ಕಾ ಮನೆ, ಪಕ್ಕಾ ರಸ್ತೆ, ಪಕ್ಕಾ ರಸೀದಿ, ‘ಬರೂದು ಪಕ್ಕಾ ಏನ್ರೀ?’ ಎಂದು ನಾವು ಕೇಳುವಾಗ ನಮ್ಮ ನಾಲಿಗೆಯ ಮೇಲೆ ಕುಣಿಯುವುದು ಆ ಪಕ್ವವೇ. ಇನ್ನೊಂದು ದಾರಿಯಿಂದ ಅದು ಮರಾಠಿಗೆ ಹೋಗಿ ‘ಪಿಕಣೆ’ ಎಂಬ ಕ್ರಿಯೆಯಾಯಿತು, ‘ಪೀಕ’ ಎಂಬ ಬೆಳೆಯ ಹೆಸರಾಯಿತು. ನಮ್ಮ ರೈತರು ‘ಈ ವರ್ಷ ತೊಗರಿ ಪೀಕು ಛಲೋ ಅದ’ ಎಂದಾಗ ಅದೇ ಶಬ್ದ ಪಶ್ಚಿಮದ ಅಗಸಿಯಿಂದ ಮನೆಯೊಳಗೆ ಬಂದಿರುತ್ತದೆ. ಮಠದಲ್ಲಿ ಪಕ್ವ, ಪೇಟೆಯಲ್ಲಿ ಪಕ್ಕಾ, ಹೊಲದಲ್ಲಿ ಪೀಕು! ಒಂದೇ ತಾಯಿಯ ಮೂವರು ಮಕ್ಕಳು ಮೂರು ಬೀದಿಯಲ್ಲಿ ಬೆಳೆದು ಒಬ್ಬರನ್ನೊಬ್ಬರು ಗುರುತಿಸದೆ ಎದುರಾಗುವ ಹಾಗಿದೆ ಇವುಗಳ ಸ್ಥಿತಿ.

ಆದರೆ ಒಂದು ವಿಶೇಷವನ್ನು ಗಮನಿಸಬೇಕು. ಪಕ್ಕಾ ಎಂಬಲ್ಲಿ ಪಕ್ವದ ಮೃದುತ್ವ ಹೋಗಿ ಗಟ್ಟಿತನವಷ್ಟೇ ಉಳಿಯಿತು. ಸಿಮೆಂಟಿನ ಮನೆ ಪಕ್ಕಾ, ಡಾಂಬರಿನ ರಸ್ತೆ ಪಕ್ಕಾ. ಬಾಳೆಹಣ್ಣನ್ನು ಗಟ್ಟಿಯಾಗಿದೆಯೆಂದು ಯಾರೂ ಪಕ್ವವೆನ್ನುವುದಿಲ್ಲ. ಹಾಗಾದರೆ ಪಕ್ವವಾಗುವುದೆಂದರೆ ಗಟ್ಟಿಯಾಗುವುದೋ, ಮೆತ್ತಗಾಗುವುದೋ? ಈ ಪ್ರಶ್ನೆಗೆ ಕನ್ನಡವು ತನ್ನದೇ ಎರಡು ಮಾತುಗಳನ್ನಿಟ್ಟುಕೊಂಡು ಬಹು ಸೊಗಸಾಗಿ ಉತ್ತರ ಕೊಡುತ್ತದೆ. ಗಟ್ಟಿಯಾಗುವುದಕ್ಕೆ ‘ಬಲಿ’ ಎಂದಿತು. ಮೆತ್ತಗಾಗಿ ಸಿಹಿಯಾಗುವುದಕ್ಕೆ ‘ಮಾಗು’ ಎಂದಿತು. ಈ ಬಲಿಯು ದೇವರಿಗೆ ಕೊಡುವ ಬಲಿಯಲ್ಲ. ಬಲಿಷ್ಠವಾಗು, ಬೆಳೆದು ಗಟ್ಟಿಯಾಗು ಎಂಬರ್ಥದ ಕ್ರಿಯಾಪದ.

ಈ ಎರಡರ ಅಂತರವನ್ನು ಬಳಕೆಯಲ್ಲಿಯೇ ನೋಡಿರಿ. ಬೆಂಡೆಕಾಯಿ ಬಲಿಯಿತು ಎಂದರೆ ಅಡುಗೆಗೆ ಬಾರದೆ ಹೋಯಿತು ಎಂದರ್ಥ. ರೋಗ ಬಲಿಯಿತು ಎನ್ನುತ್ತೇವೆ. ಸಾಲ ಬಲಿಯಿತು, ಹಗೆ ಬಲಿಯಿತು, ಹಟ ಬಲಿಯಿತು ಎನ್ನುತ್ತೇವೆ. ಬುದ್ಧಿ ಬಲಿಯಿತು, ರೆಕ್ಕೆ ಬಲಿತವು ಎಂದೂ ಹೇಳುತ್ತೇವೆ. ಒಳ್ಳೆಯದೂ ಬಲಿಯಬಲ್ಲುದು, ಕೆಟ್ಟದ್ದೂ ಬಲಿಯಬಲ್ಲುದು. ಆದರೆ ‘ರೋಗ ಮಾಗಿತು’ ಎಂದು ಯಾರಾದರೂ ಹೇಳಿದ್ದುಂಟೆ? ‘ಹಗೆ ಮಾಗಿತು’ ಎಂದು ಕೇಳಿದ್ದೀರಾ? ಒಂದು ವೇಳೆ ಯಾರಾದರೂ ಹಾಗೆಂದರೆ, ಹಗೆಯ ಹುರುಪು ಇಳಿದು ಮನಸ್ಸು ತಿಳಿಯಾಯಿತೆಂದೇ ನಾವು ತಿಳಿದುಕೊಳ್ಳುತ್ತೇವೆ. ಸ್ನೇಹ ಮಾಗುತ್ತದೆ, ದನಿ ಮಾಗುತ್ತದೆ, ಅನುಭವ ಮಾಗುತ್ತದೆ, ದಾಂಪತ್ಯ ಮಾಗುತ್ತದೆ. ದ್ವೇಷ ಮಾತ್ರ ಬಲಿಯುತ್ತದೆ. ಒಗರು ಕಳೆಯದೆ, ಹುಳಿ ತಗ್ಗದೆ, ಬಿರುಸು ಇಳಿಯದೆ ಯಾವುದಕ್ಕೂ ಕನ್ನಡ ಭಾಷೆಯು ಮಾಗಿತೆಂಬ ಪ್ರಶಸ್ತಿಯನ್ನು ಕೊಡುವುದಿಲ್ಲ.

ಹೊಲದ ಕಡೆಗೂ ಒಮ್ಮೆ ನೋಡೋಣ. ಎಳ್ಳಮಾವಾಸ್ಯೆಯ ದಿವಸ ನಮ್ಮ ಕಡೆಯ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಎಲ್ಲರಿಗೂ ಗೊತ್ತಿರುವ ಸಂಭ್ರಮ. ಬಿಳಿಜೋಳದ ತೆನೆಗಳು ಹಾಲು ತುಂಬಿಕೊಂಡು, ಮುಂದೆ ಸೀತನಿಯಾಗಿ, ಸುಟ್ಟು ತಿಕ್ಕಿ ತಿಂದರೆ ಸಕ್ಕರೆಯಂತಿರುತ್ತವೆ. ಸಿಹಿ ತೆನೆಯೇ ಸೀತನಿ. ಆದರೆ ಆ ಸಿಹಿ ಕೆಲವೇ ದಿವಸಗಳದ್ದು. ಕಾಳು ಬಲಿತಂತೆಲ್ಲ ಹಾಲಿನೊಳಗಿನ ಸಕ್ಕರೆ ಹಿಟ್ಟಾಗಿ ಮಾರ್ಪಟ್ಟು ಗಟ್ಟಿಗೊಳ್ಳುತ್ತದೆ. ಹಣ್ಣಿನಲ್ಲಿ ನಡೆಯುವುದು ಇದಕ್ಕೆ ತೀರ ವಿಲೋಮ. ಹಸಿ ಬಾಳೆಕಾಯಿಯ ತಿರುಳಿನಲ್ಲಿ ನೂರಕ್ಕೆ ಸುಮಾರು 20 ಭಾಗ ಪಿಷ್ಟವಿರುತ್ತದೆ. ಪೂರ್ಣ ಹಣ್ಣಾಗುವ ಹೊತ್ತಿಗೆ ಅದು 1-2 ಭಾಗಕ್ಕಿಳಿದು ಉಳಿದುದೆಲ್ಲ ಸಕ್ಕರೆಯಾಗಿರುತ್ತದೆ. ಒಗರು ಇಂಗುತ್ತದೆ, ತಿರುಳು ಸಡಿಲಗೊಳ್ಳುತ್ತದೆ, ಪರಿಮಳ ಹುಟ್ಟುತ್ತದೆ. ಅಂದರೆ ಕಾಳಿನಲ್ಲಿ ಸಕ್ಕರೆ ಹಿಟ್ಟಾಗುವುದು, ಹಣ್ಣಿನಲ್ಲಿ ಹಿಟ್ಟು ಸಕ್ಕರೆಯಾಗುವುದು. ಪುಸ್ತಕದ ಭಾಷೆಯಲ್ಲಿ ಮಾಗಿದ ಪೈರು ಎನ್ನುವುದುಂಟಾದರೂ ನಮ್ಮ ಒಕ್ಕಲಿಗನು ‘ಕಾಳು ಬಲಿತಾವು’ ಎಂದೇ ಹೇಳುತ್ತಾನೆ. ಕಾಳು ನಾಳೆಯ ಬಿತ್ತನೆಗೆ ತನ್ನನ್ನು ಕಾಯ್ದುಕೊಳ್ಳಬೇಕಾಗಿದೆ. ಆದ್ದರಿಂದ ಅದು ಬಲಿಯುತ್ತದೆ. ಹಣ್ಣು ತನ್ನನ್ನು ಪರರಿಗೆ ಒಪ್ಪಿಸಿಕೊಳ್ಳಬೇಕಾಗಿದೆ. ಆದ್ದರಿಂದ ಅದು ಮಾಗುತ್ತದೆ.

ಇನ್ನು ಕಮಲಾಪುರಕ್ಕೆ ಹೋಗೋಣ. ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿ ಸುಮಾರು 35-40 ಕಿಲೋಮೀಟರು ಸಾಗಿದರೆ ಸಿಗುವ ಈ ಊರು ಈಗ ತಾಲ್ಲೂಕು ಕೇಂದ್ರ. ಇಲ್ಲಿಯ ಕೆಂಪು ಬಾಳೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಳೆ. ನಮ್ಮ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಆ ಮಾನ್ಯತೆ ದೊರೆಯುವುದಕ್ಕೆ ಎಷ್ಟೋ ಮುಂಚೆಯೇ ಈ ಬಾಳೆಗೆ ಅದು ದೊರೆತಿತ್ತು. ಈ ಹಣ್ಣಿನ ಎರಡು ಗುಣಗಳು ನಮ್ಮ ಇಂದಿನ ವಿಚಾರಕ್ಕೆ ಸಂಬಂಧಪಟ್ಟಿವೆ.

ಮೊದಲನೆಯದು ಅದರ ನಿಧಾನ. ಸಾಮಾನ್ಯ ಬಾಳೆ ಒಂದು ವರ್ಷದ ಆಸುಪಾಸಿನಲ್ಲಿ ಗೊನೆ ಕೊಟ್ಟರೆ ಕೆಂಪು ಬಾಳೆಗೆ ಒಂದೂವರೆ ವರ್ಷದ ಹತ್ತಿರ ಬೇಕು. ಅಷ್ಟು ಕಾಲ ನೀರು, ಗೊಬ್ಬರ, ಗಾಳಿಯ ಭಯ ಎಲ್ಲವನ್ನೂ ರೈತನು ಹೊತ್ತುಕೊಳ್ಳಬೇಕು. ಪೇಟೆಯಲ್ಲಿ ಅದಕ್ಕೆ ಹೆಚ್ಚು ಬೆಲೆ ಇರುವುದು ಇದೇ ಕಾರಣಕ್ಕೆ. ನಿಧಾನದ ಬೆಲೆಯನ್ನು ಯಾರಾದರೊಬ್ಬರು ತೆರಲೇಬೇಕು.

ಎರಡನೆಯದು ಅದರ ಬಣ್ಣ. ಹಳದಿ ಬಾಳೆಯನ್ನು ನೋಡಿದೊಡನೆ ಹೇಳಬಹುದು: ಹಸಿರಿದ್ದರೆ ಕಾಯಿ, ಹಳದಿಯಿದ್ದರೆ ಹಣ್ಣು. ಕೆಂಪು ಬಾಳೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅದು ಕಾಯಿಯಾಗಿದ್ದಾಗಲೂ ಕೆಂಪೇ. ಇನ್ನೂ ಹೇಳಬೇಕೆಂದರೆ ಕಾಯಿಯಾಗಿದ್ದಾಗಲೇ ಬಣ್ಣ ಹೆಚ್ಚು ಗಾಢ. ಮಾಗಿದ ಮೇಲೆ ಆ ಕಪ್ಪುಗೆಂಪು ತಿಳಿಯಾಗಿ ಕಿತ್ತಳೆಯ ಕಡೆಗೆ ವಾಲುತ್ತದೆ. ಅರಿಯದವರು ಕೆಂಪು ಕಂಡೊಡನೆ ಹಣ್ಣೆಂದು ಸುಲಿದು ಒಗರು ಕಚ್ಚಿ ಮುಖ ಸಿಂಡರಿಸುತ್ತಾರೆ. ಬಲ್ಲವರು ಕಣ್ಣನ್ನು ನಂಬದೆ ಬೆರಳಿನಿಂದ ಮೆಲ್ಲನೆ ಒತ್ತುತ್ತಾರೆ, ಮೂಗಿನ ಹತ್ತಿರ ಹಿಡಿಯುತ್ತಾರೆ. ‘ಇನ್ನಾ ಕಾಯಿ ಅವರೀ, ಎರಡು ದಿನ ಇಡ್ರಿ’ ಎನ್ನುವ ಬಾಳೆಯ ವ್ಯಾಪಾರಿ ನಮಗೆ ಒಂದು ಶಾಸ್ತ್ರವನ್ನೇ ಹೇಳುತ್ತಿರುತ್ತಾನೆ. ಬಣ್ಣ ಬಂದದ್ದೆಲ್ಲ ಹಣ್ಣಲ್ಲ. ಅದು ಕೂದಲಿಗೆ ಬಂದ ಬೆಳ್ಳಿಯ ಬಣ್ಣವಿರಲಿ, ಮೈಮೇಲೆ ಹೊದ್ದ ಕಾವಿಯ ಬಣ್ಣವಿರಲಿ, ಹಣೆಗೆ ಧರಿಸಿದ ವಿಭೂತಿಯ ಬಣ್ಣವಿರಲಿ, ಮುಟ್ಟಿ ನೋಡಿದಾಗ ಮೃದುವಾಗಿರಬೇಕು, ಹತ್ತಿರ ಹೋದಾಗ ಪರಿಮಳ ಬರಬೇಕು.

ಹಣ್ಣು ಮಾಡುವ ವಿಧಾನಕ್ಕೂ ನಮ್ಮಲ್ಲಿ ಒಂದು ಮಾತಿದೆ: ‘ಅಡಿ ಹಾಕುವುದು’. ಮಾವಿನಕಾಯಿಯನ್ನು ಹುಲ್ಲಿನ ನಡುವೆ, ಜೋಳದ ಕಣಜದಲ್ಲಿ, ಕೋಣೆಯ ಮೂಲೆಯಲ್ಲಿ ಬೆಚ್ಚಗೆ ಮುಚ್ಚಿಡುವುದು. ದಕ್ಷಿಣದ ಕಡೆಗೆ ‘ಅಡೆ’ ಎನ್ನುತ್ತಾರೆ, ಮರಾಠಿಯಲ್ಲಿ ‘ಅಢೀ’ ಎನ್ನುತ್ತಾರೆ. ಹುಲ್ಲಿನಲ್ಲಿ ಮುಚ್ಚಿಟ್ಟರೆ ಏಕೆ ಹಣ್ಣಾಗುತ್ತದೆಂಬುದನ್ನು ವಿಜ್ಞಾನ ತಿಳಿದುಕೊಂಡದ್ದು ಇತ್ತೀಚೆಗೆ. ಇಥಿಲೀನ್ ಎಂಬ ಅನಿಲವು ಗಿಡಗಳ ಬೆಳವಣಿಗೆಯ ಮೇಲೆ ಪರಿಣಾಮ ಬೀರುತ್ತದೆಂದು ರಷ್ಯದ ನೆಲ್ಯುಬೊವ್ ಎಂಬ ವಿಜ್ಞಾನಿ 1901ರಲ್ಲಿ ತೋರಿಸಿದನು. ಹಣ್ಣುಗಳು ಆ ಅನಿಲವನ್ನು ತಾವೇ ಹೊರಸೂಸುತ್ತವೆಂದು ಇಂಗ್ಲೆಂಡಿನ ಗೇನ್ ಎಂಬವನು 1934ರಲ್ಲಿ ಸಿದ್ಧಪಡಿಸಿದನು. ಮುಚ್ಚಿಟ್ಟಾಗ ಆ ಅನಿಲ ಹಾರಿಹೋಗದೆ ಅಲ್ಲಿಯೇ ನಿಂತು ಪಕ್ಕದ ಕಾಯಿಗಳನ್ನೂ ಎಬ್ಬಿಸುತ್ತದೆ. ಒಂದು ಹಣ್ಣು ನಡುವೆ ಇದ್ದರೆ ಉಳಿದವು ಬೇಗ ಹಣ್ಣಾಗುವುದು ಇದರಿಂದಲೇ. ಮಾಗಿದವರ ಸಂಗದಲ್ಲಿ ಮಾಗುವುದೆಂಬುದು ಬರಿಯ ಉಪದೇಶದ ಮಾತಲ್ಲ. ಕಣಜದೊಳಗಿನ ಪ್ರತ್ಯಕ್ಷ ಸಂಗತಿ.

ಆದರೆ ಅಡಿ ಹಾಕುವ ತಾಯಂದಿರು ಒಂದು ನಿಯಮವನ್ನು ಎಂದೂ ಮರೆಯುವುದಿಲ್ಲ. ಬಲಿತ ಕಾಯಿಯನ್ನಷ್ಟೇ ಅಡಿಗೆ ಹಾಕಬೇಕು. ಎಳೆಗಾಯಿಯನ್ನು ಎಷ್ಟು ಬೆಚ್ಚಗೆ ಮುಚ್ಚಿಟ್ಟರೂ ಅದು ಸುಕ್ಕುಗಟ್ಟಿ ಬಾಡುತ್ತದೆ; ಮೇಲೆ ಹಳದಿ ತಿರುಗಿದರೂ ಒಳಗೆ ರುಚಿ ಹುಟ್ಟುವುದಿಲ್ಲ. ಒಳಗೆ ಹಿಟ್ಟೇ ತುಂಬಿರದಿದ್ದರೆ ಸಕ್ಕರೆ ಎಲ್ಲಿಂದ ಬರಬೇಕು? ಇದಲ್ಲದೆ ಎಲ್ಲ ಹಣ್ಣುಗಳೂ ಅಡಿಗೆ ಒಗ್ಗುವುದಿಲ್ಲ. ಬಾಳೆ, ಮಾವು, ಪಪ್ಪಾಯಿ, ಚಿಕ್ಕುಗಳು ಕೊಯ್ದ ಮೇಲೂ ಮಾಗುತ್ತವೆ. ದ್ರಾಕ್ಷಿ, ಕಿತ್ತಳೆ, ದಾಳಿಂಬೆಗಳು ತಾಯಿಬಳ್ಳಿಯ ಮೇಲೆ ಎಷ್ಟು ಮಾಗಿದ್ದವೋ ಅಷ್ಟೇ. ಅವುಗಳ ಜಾತಿಯೇ ಹಾಗೆ.

ಆತುರಗಾರನಿಗೆ ಈ ನಿಯಮ ಹಿಡಿಸುವುದಿಲ್ಲ. ಅವನು ಕಾರ್ಬೈಡಿನ ಪುಡಿಯನ್ನು ಕಾಯಿಗಳ ನಡುವೆ ಇಡುತ್ತಾನೆ. ತೇವ ತಾಗಿದೊಡನೆ ಅದರಿಂದ ಅಸಿಟಿಲೀನ್ ಅನಿಲ ಹೊರಟು ರಾತ್ರಿ ಬೆಳಗಾಗುವುದರಲ್ಲಿ ಸಿಪ್ಪೆಗೆ ಬಣ್ಣ ಬರುತ್ತದೆ. ಆ ಪುಡಿಯಲ್ಲಿ ಆರ್ಸೆನಿಕ್ ಮತ್ತು ರಂಜಕದ ವಿಷಾಂಶಗಳು ಬೆರೆತಿರಬಹುದಾದ್ದರಿಂದ ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳು ಈ ಬಗೆಯಲ್ಲಿ ಹಣ್ಣು ಮಾಡುವುದನ್ನು ನಿಷೇಧಿಸಿವೆ. ಅದರ ಬದಲು, ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ ಮೀರದಂತೆ ಇಥಿಲೀನ್ ಅನಿಲವನ್ನು ಬಳಸಲು 2016ರಲ್ಲಿ ಅನುಮತಿ ಕೊಡಲಾಯಿತು. ಹಣ್ಣು ತಾನೇ ಸೂಸುವ ಅನಿಲವದು. ಮನೆಯಲ್ಲಿ ಮಾಡಿಕೊಳ್ಳುವವರಿಗಂತೂ ಹುಲ್ಲು, ಕಾಗದ, ಕಾಳಿನ ಡಬ್ಬಿ ಸಾಕು. ಕಾಯಿಬಾಳೆಯನ್ನು ಫ್ರಿಜ್ಜಿನಲ್ಲಿಡಬಾರದೆಂಬುದನ್ನೂ ಗೃಹಿಣಿಯರು ನೆನಪಿಡಬೇಕು. 13 ಡಿಗ್ರಿಗಿಂತ ಕೆಳಗಿನ ಚಳಿ ತಾಗಿದರೆ ಅದರ ಸಿಪ್ಪೆ ಕಪ್ಪಾಗಿ, ಮುಂದೆ ಸರಿಯಾಗಿ ಹಣ್ಣಾಗುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

‘ಹಣ್ಣಾಗುವುದು’, ‘ಹಣ್ಣು ಮಾಡುವುದು’. ಈ ಎರಡು ಕ್ರಿಯೆಗಳ ನಡುವೆ ಇರುವ ಅಂತರವು ಬಾಳೆ ಮಾವುಗಳಿಗಷ್ಟೇ ಸೀಮಿತವಾಗಿದ್ದರೆ ಈ ಲೇಖನವನ್ನು ಇಲ್ಲಿಗೇ ಮುಗಿಸಬಹುದಾಗಿತ್ತು. ಆದರೆ ಹಾಗಿಲ್ಲ. ಎಳೆಗಾಯಿಯನ್ನು ಅಡಿಗೆ ಹಾಕುವ ಅವಿವೇಕವನ್ನು ನಾವು ಮನೆಯ ಮಕ್ಕಳ ವಿಷಯದಲ್ಲಿ ಇಂದಿಗೂ ಮಾಡುತ್ತಿದ್ದೇವೆ.

ಹೆಣ್ಣುಮಗಳು ಋತುಮತಿಯಾದರೆ ‘ಮೈನೆರೆದಳು’ ಎನ್ನುತ್ತೇವೆ. ನೆರೆ ಎಂದರೆ ತುಂಬಿಕೊಳ್ಳು, ಪೂರ್ಣವಾಗು. ಹಿರಿಯರು ಎಷ್ಟು ಎಚ್ಚರದಿಂದ ಈ ಶಬ್ದವನ್ನು ಕಟ್ಟಿದ್ದಾರೆ ನೋಡಿರಿ! ಮೈ ನೆರೆಯಿತು ಎಂದರೇ ಹೊರತು ಮನಸ್ಸು ನೆರೆಯಿತು ಎನ್ನಲಿಲ್ಲ, ಬಾಳು ನೆರೆಯಿತು ಎನ್ನಲಿಲ್ಲ. ಆದರೆ ಹಳ್ಳಿಗಳಲ್ಲಿ, ನಗರದ ಓಣಿಗಳಲ್ಲಿಯೂ, ‘ಬೆಳೆದು ನಿಂತ ಮಗಳು, ಮನೆಯಲ್ಲಿ ಇಟ್ಟುಕೊಂಡು ಕೂಡ್ರುವುದು ಹೇಗೆ?’ ಎಂಬ ಮಾತು ಇನ್ನೂ ನಿಂತಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವುದರೊಳಗೆ ವರನ ಹುಡುಕಾಟ ಶುರುವಾಗುವ ಮನೆಗಳಿವೆ. ಕೆಂಪು ಬಾಳೆಯ ಬಣ್ಣ ನೋಡಿ ಹಣ್ಣೆಂದು ಸುಲಿಯುವವನಿಗೂ ಈ ತಂದೆತಾಯಿಗಳಿಗೂ ಏನು ವ್ಯತ್ಯಾಸ? 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಹೆಣ್ಣಿಗೆ 18, ಗಂಡಿಗೆ 21 ತುಂಬದೆ ಮಾಡುವ ಮದುವೆ ಅಪರಾಧ. ನಮ್ಮ ರಾಜ್ಯವು ಅದಕ್ಕೆ ತಿದ್ದುಪಡಿ ತಂದು ಅಂಥ ಮದುವೆಯು ಮೊದಲಿನಿಂದಲೇ ಅಸಿಂಧುವೆಂದು ವಿಧಿಸಿದೆ. ಕಾಯ್ದೆಗೆ ಅಂಜಿ ಬಿಡುವುದಕ್ಕಿಂತ ಅರಿತು ಬಿಡುವುದು ಮೇಲು. ಹದಿನಾರರ ಮಗಳಿಗೆ ಇನ್ನೂ ಹಿಟ್ಟು ತುಂಬಬೇಕಾಗಿದೆ. ವಿದ್ಯೆಯ ಹಿಟ್ಟು, ಆರೋಗ್ಯದ ಹಿಟ್ಟು, ತನ್ನ ಕಾಲ ಮೇಲೆ ತಾನು ನಿಲ್ಲುವ ಧೈರ್ಯದ ಹಿಟ್ಟು. ಅದು ತುಂಬಿದರೆ ಮುಂದೆ ಸಂಸಾರದ ಸಕ್ಕರೆ ಅದರಿಂದಲೇ ಹುಟ್ಟುತ್ತದೆ. ಎಳೆಯ ತಾಯಿಯ ಹೆರಿಗೆಯಲ್ಲಿ ತಾಯಿಗೂ ಕೂಸಿಗೂ ಅಪಾಯ ಹೆಚ್ಚೆಂಬುದನ್ನು ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಹಸಿ ಮೈಗೆ ಹಸುಗೂಸಿನ ಭಾರ ಹೊರಿಸಬಾರದು.

ಗಂಡುಮಕ್ಕಳ ವಿಷಯದಲ್ಲಿಯೂ ಆತುರ ಬೇರೆ ರೂಪದಲ್ಲಿದೆ. ನೆರೆಮನೆಯ ಹುಡುಗನಿಗೆ ಬಂದ ಅಂಕಗಳ ಪುಡಿಯನ್ನು ನಮ್ಮ ಹುಡುಗನ ಸುತ್ತ ಇಟ್ಟು ಬೆಳಗಾಗುವುದರೊಳಗೆ ಹಣ್ಣಾಗೆಂದರೆ ಆಗುವುದೇ? ಕೆಲವು ಮಕ್ಕಳು ಬಾಳೆಯ ಜಾತಿ; ದೂರದ ಊರಿನ ವಸತಿಶಾಲೆಗೆ ಕಳಿಸಿದರೂ ಅಲ್ಲಿಯೇ ಮಾಗುತ್ತಾರೆ. ಕೆಲವರು ದ್ರಾಕ್ಷಿಯ ಜಾತಿ; ತಾಯಿಬಳ್ಳಿಯ ಮೇಲೆ ಇನ್ನಷ್ಟು ದಿವಸ ಇರಬೇಕು. ತನ್ನ ಮನೆಯಲ್ಲಿ ಬೆಳೆದದ್ದು ಯಾವ ಜಾತಿಯೆಂದು ತಂದೆತಾಯಿಗಳೇ ಅರಿಯದಿದ್ದರೆ ಇನ್ನಾರು ಅರಿಯಬೇಕು?

ಕಿರಿಯರ ವಿಷಯದಲ್ಲಿ ‘ಬಲಿಯಲು ಬಿಡಿರಿ’ ಎಂದು ಹೇಳಿದಷ್ಟೇ ಸ್ಪಷ್ಟವಾಗಿ ಹಿರಿಯರ ವಿಷಯದಲ್ಲಿ ‘ಬಲಿತು ನಿಲ್ಲಬೇಡಿರಿ, ಮಾಗಿರಿ’ ಎಂದು ಹೇಳಬೇಕಾಗಿದೆ. ವಯಸ್ಸು ತಾನಾಗಿ ಯಾರನ್ನೂ ಮಾಗಿಸುವುದಿಲ್ಲ. ಅರವತ್ತು ದಾಟಿದ ಮೇಲೆ ಹಟ ಬಲಿತವರು, ಸಂಶಯ ಬಲಿತವರು, ಬೀಗದ ಕೈಯ ಮೇಲಿನ ಹಿಡಿತ ಬಲಿತವರು ಎಷ್ಟು ಮನೆಗಳಲ್ಲಿಲ್ಲ? ಹೊಲ ಯಾರ ಹೆಸರಿಗೆಂದು ಹೇಳದೆ, ಸೊಸೆಗೆ ಒಲೆಯ ಅಧಿಕಾರ ಬಿಡದೆ, ಮಗನಿಗೆ ಅಂಗಡಿಯ ಲೆಕ್ಕ ತೋರಿಸದೆ ಕುಳಿತರೆ ಮನೆಯೊಳಗೆ ಒಗರೇ ತುಂಬುತ್ತದೆ. ಮಾವಿನ ಕಾಯಿಯನ್ನು ಕಿತ್ತು ನೋಡಿರಿ. ತೊಟ್ಟಿನಿಂದ ಸೊನೆ ಚಿಮ್ಮುತ್ತದೆ, ಮೈಗೆ ತಾಗಿದರೆ ಸುಡುತ್ತದೆ. ಮಾಗಿದ ಹಣ್ಣಾದರೋ ತಾನೇ ತೊಟ್ಟು ಬಿಡುತ್ತದೆ. ತೊಟ್ಟು ಕಳಚುವ ಮೊದಲೇ ಆ ಜಾಗದಲ್ಲಿ ಒಂದು ಸಂದು ಹುಟ್ಟಿ, ಗಿಡದ ಕಡೆಗೆ ಮಾಯ್ದುಕೊಳ್ಳುವ ಕೆಲಸ ನಡೆದಿರುತ್ತದೆ. ಹಣ್ಣು ಹೋದರೂ ಕೊಂಬೆಗೆ ನೋವಿಲ್ಲ. ಮೃತ್ಯುಂಜಯ ಮಂತ್ರದ ಋಷಿಯು ಬಿಡುಗಡೆಯನ್ನು ಬೇಡುವಾಗ ಬಳ್ಳಿಯಿಂದ ಕಳಚಿಕೊಳ್ಳುವ ಸೌತೆಯ ಕಾಯನ್ನೇ ಉಪಮಾನವಾಗಿ ಆರಿಸಿಕೊಂಡದ್ದು ಇದನ್ನು ಕಂಡೇ ಇರಬೇಕು. ಹಿರಿಯರು ಬದುಕಿರುವಾಗಲೇ ಬೀಗದ ಕೈಯನ್ನೂ ಮಾತಿನ ಅಧಿಕಾರವನ್ನೂ ಮೆಲ್ಲಮೆಲ್ಲಗೆ ಬಿಟ್ಟುಕೊಡುತ್ತ ಬಂದರೆ ಅಗಲಿಕೆಯ ದಿನ ಕೋರ್ಟಿನ ಸೊನೆ ಯಾರ ಮೈಯನ್ನೂ ಸುಡುವುದಿಲ್ಲ.

ನಮ್ಮ ಕಲಬುರಗಿಯ ಶರಣಬಸವೇಶ್ವರರ (1746-1822) ಬಾಳನ್ನೇ ನೋಡಿರಿ. ಅವರು ಹುಟ್ಟಿದ್ದು ಅರಳಗುಂಡಗಿಯಲ್ಲಿ. ಅಲ್ಲಿ ಒಕ್ಕಲುತನ ಮಾಡಿದರು, ಸಂಸಾರ ನಡೆಸಿದರು, ಹೊಲಕ್ಕೆ ಬಂದವರಿಗೆ ಉಣಿಸಿದರು. ಕಾಲ ಪಕ್ವವಾದ ಮೇಲೆ ಮನೆಯ ತೊಟ್ಟು ಬಿಟ್ಟು ಕಲಬುರಗಿಗೆ ಬಂದು ದಾಸೋಹದಲ್ಲಿ ನಿಂತರು. ಹೊಲದಲ್ಲಿ ಬಲಿತದ್ದು ದಾಸೋಹದಲ್ಲಿ ಮಾಗಿತು. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಮೆಟ್ಟಿಲುಗಳನ್ನು ಕ್ರಮವಾಗಿ ಹೇಳಿದ ನಮ್ಮ ಷಟ್ಸ್ಥಲ ಸಿದ್ಧಾಂತವೂ ಹೀಚಿನಿಂದ ಹಣ್ಣಿನವರೆಗಿನ ಈ ಕ್ರಮವನ್ನೇ ನೆನಪಿಗೆ ತರುತ್ತದೆ. ಯಾವ ಮೆಟ್ಟಿಲನ್ನೂ ಹಾರಿ ದಾಟುವಂತಿಲ್ಲ, ಯಾವ ಮೆಟ್ಟಿಲ ಮೇಲೆಯೂ ಮನೆ ಕಟ್ಟಿ ಕೂಡ್ರುವಂತಿಲ್ಲ.

ತಾಯಂದಿರಲ್ಲಿ, ತಂದೆಯಂದಿರಲ್ಲಿ ಒಂದು ವಿನಂತಿ. ಮುಂದಿನ ಸಲ ಕಮಲಾಪುರದ ಬಾಳೆಯ ಗೊನೆ ಮನೆಗೆ ಬಂದಾಗ ಅದನ್ನು ಮಕ್ಕಳ ಕೈಯಲ್ಲಿ ಕೊಟ್ಟು, ಇದು ಕಾಯಿಯೋ ಹಣ್ಣೋ ಹೇಳೆಂದು ಕೇಳಿರಿ. ಅವರು ಬಣ್ಣ ನೋಡಿ ಹಣ್ಣೆನ್ನುತ್ತಾರೆ. ಆಗ ಒತ್ತಿ ನೋಡುವುದನ್ನು, ಮೂಸಿ ನೋಡುವುದನ್ನು, ಎರಡು ದಿವಸ ಕಾಯುವುದನ್ನು ಕಲಿಸಿರಿ. ಮಾಗು ಎಂಬ ಶಬ್ದದ ಅರ್ಥ ಅವರಿಗೆ ನಿಘಂಟಿಲ್ಲದೆ ತಿಳಿಯುತ್ತದೆ. ಅದನ್ನು ಕಲಿಸುತ್ತಿರುವಾಗ ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳೋಣ: ನಾವು ಬಲಿತಿದ್ದೇವೆಯೋ, ಮಾಗಿದ್ದೇವೆಯೋ?